ದೇವರ ಜಗಲಿಯ ಪೊಟ್ಟಣ

ಕಾಶವ್ವನಿಗೆ ಸಂಬಳ ಬರುತ್ತಿದ್ದದ್ದು ಬೆಡ್‌ಪ್ಯಾನ್ ಇಡುವುದಕ್ಕೆ, ಚಾದರ ಬದಲಿಸುವುದಕ್ಕೆ, ನೆಲದ ಮೇಲೆ ಬಿದ್ದದ್ದನ್ನೆಲ್ಲ ಮೂಗು ಮುಚ್ಚಿಕೊಳ್ಳದೆ ಒರೆಸುವುದಕ್ಕೆ. ಆದರೆ ಹಡಪಸರದ ಆ ಆಸ್ಪತ್ರೆಯ ಕ್ಯಾಜುವಲ್ಟಿಯಲ್ಲಿ ಅವಳಿಗೆ ಬೆಲೆ ಇದ್ದದ್ದು ಅವಳ ನಾಲಿಗೆಯಿಂದ. ಪುಣೆಯ ಆಸ್ಪತ್ರೆಗಳಲ್ಲಿ ಆಯಾಗಳನ್ನೆಲ್ಲ ಮಾವಶಿ ಎನ್ನುತ್ತಾರೆ. ಬಾಗಿಲಲ್ಲಿ ಕನ್ನಡ ಕೇಳಿಸಿತೋ ಇಲ್ಲವೋ, ಡಾಕ್ಟರು, ನರ್ಸು, ಕೊನೆಗೆ ಚೀಟಿ ಬರೆಯುವವನು ಕೂಡ "ಮಾವಶಿಯನ್ನು ಕರೀರಿ" ಎಂದು ಕೂಗುತ್ತಿದ್ದರು. ಮಗರಪಟ್ಟಾದ ಕಡೆ ಏಳುತ್ತಿದ್ದ ಕಟ್ಟಡಗಳಿಂದ ಬಿದ್ದವರು, ಕುರಕುಂಭದ ಕೆಮಿಕಲ್ ಕಾರ್ಖಾನೆಗಳಲ್ಲಿ ಮೈ ಸುಟ್ಟುಕೊಂಡವರು, ಯಾದಗಿರಿ, ಶಹಾಪುರ, ಆಳಂದದ ಕಡೆಯಿಂದ ದುಡಿಯಲು ಬಂದವರು ಅವರು. ಅವರ ಮರಾಠಿ ಮೇಸ್ತ್ರಿಯ ಹತ್ತಿರ ಇಟ್ಟಿಗೆ ಕೇಳುವಷ್ಟಿತ್ತು, ಡಾಕ್ಟರ ಹತ್ತಿರ ನೋವು ಹೇಳುವಷ್ಟಿರಲಿಲ್ಲ.

ಕಾಶವ್ವ ಎರಡೂ ಕಡೆಗೆ ಮಾತು ಮುಟ್ಟಿಸುತ್ತಿದ್ದಳು. ಆದರೆ ಮುಟ್ಟಿಸುವಾಗ ಸ್ವಲ್ಪ ಸೋಸುತ್ತಿದ್ದಳು. ಗಂಡ ಕುಡಿದು ಬಿದ್ದ ಎಂದು ಹೆಂಡತಿ ಹೇಳಿದರೆ, ಕಾಶವ್ವನ ಮರಾಠಿಯಲ್ಲಿ ಅವನು ಕಾಲು ಜಾರಿ ಬಿದ್ದಿರುತ್ತಿದ್ದ. ಗಂಡ ಹೊಡೆದ ಎಂದರೆ ಬಾಗಿಲು ಬಡಿದಿರುತ್ತಿತ್ತು. ಇದಕ್ಕೆ ಒಂದು ಕಾರಣವಿತ್ತು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಬವ್ವ ಎಂಬ ಹುಡುಗಿ ತಿಗಣೆಯ ಔಷಧ ಕುಡಿದು ಬಂದಿದ್ದಳು. ಕಾಶವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹುಡುಗಿ ಬದುಕಿದಳು, ಆದರೆ ಬಾಗಿಲಲ್ಲಿ ಕುಳಿತಿದ್ದ ಹವಾಲ್ದಾರ ಆ ಮನೆಯವರನ್ನು ಆರು ತಿಂಗಳು ಚೌಕಿಗೆ ಅಲೆಸಿದ. ಸಾಬವ್ವನ ಅತ್ತೆ ಒಂದು ದಿನ ಆಸ್ಪತ್ರೆಗೇ ಬಂದು, "ನಿನ್ನ ನಾಲಿಗಿಗಿ ಹುಳಾ ಬೀಳ್ಲಿ" ಎಂದು ಹರಸಿ ಹೋದಳು. ಅಂದಿನಿಂದ ಕಾಶವ್ವ ಸೋಸಲು ಕಲಿತಳು. ಏಳು ವರ್ಷದಲ್ಲಿ ಯಾರಿಗೂ ಕೆಡುಕಾಗಿರಲಿಲ್ಲ, ಅಥವಾ ಆದದ್ದು ಅವಳಿಗೆ ಗೊತ್ತಿರಲಿಲ್ಲ. ಬಡವರ ಮಾನ ಕಾಯುತ್ತೇನೆಂಬ ಸಣ್ಣ ಜಂಬವೂ ಅವಳಲ್ಲಿ ಬೆಳೆದಿತ್ತು ಎನ್ನಿ.

ಎರಡು ಸಾವಿರದ ಏಳನೇ ಇಸವಿಯ ಏಪ್ರಿಲ್. ಮಧ್ಯಾಹ್ನ ಮೂರು ಗಂಟೆಗೆ ಸೊಲ್ಲಾಪುರ ರಸ್ತೆಯಿಂದ ಒಂದು ಜೀಪು ಬಂದು ಕ್ಯಾಜುವಲ್ಟಿಯ ಮುಂದೆ ನಿಂತಿತು. ಹೊರಗೆ ಡಾಂಬರು ಕರಗುವ ಬಿಸಿಲು. ಅಂಥದ್ದರಲ್ಲಿ ಒಳಗಿದ್ದ ಮನುಷ್ಯನಿಗೆ ಎರಡು ಕರಿ ಕಂಬಳಿ ಸುತ್ತಿ, ಮೇಲೆ ಹಗ್ಗ ಬಿಗಿದಿದ್ದರು. ಅವನ ಹೆಸರು ದೇವಾನಂದ, ಮೂವತ್ತರ ಒಳಗಿನವನು, ಕುರಕುಂಭದ ಯಾವುದೋ ಕಾರ್ಖಾನೆಯಲ್ಲಿ ಪುಡಿ ಒಣಗಿಸುವ ವಿಭಾಗದ ಕೂಲಿ. ಜೊತೆಯಲ್ಲಿ ಹೆಂಡತಿ ಮಾಯಾ ಒಬ್ಬಳೇ. ಕಾಶವ್ವನ ಕನ್ನಡ ಕಿವಿಗೆ ಬಿದ್ದದ್ದೇ ಅವಳು ಓಡಿ ಬಂದು ಕೈ ಹಿಡಿದುಕೊಂಡಳು.

"ಯಕ್ಕಾ, ನೀವು ನಮ್ಮ ಕಡೀದವ್ರೇನ್ರಿ? ಇವರಿಗಿ ಜ್ವರ ಬಂದಾವ್ರಿ. ಮೈ ಕೆಂಡ ಆಗ್ಯಾದ. ಗಾಳಿ ತಾಗಬಾರ್ದಂತ ಕಂಬಳಿ ಬಿಗ್ದೀನ್ರಿ. ನೀರು ಕೇಳಿದ್ರು, ಜ್ವರದಾಗ ತಣ್ಣೀರು ಕೊಡಬಾರ್ದಲ್ರಿ, ಕೊಟ್ಟಿಲ್ಲ."

"ಎಷ್ಟು ದಿನ ಆತವ್ವಾ?"

ಮಾಯಾ ಸುತ್ತ ನೋಡಿ ದನಿ ಇಳಿಸಿದಳು. "ಮೂರು ದಿನ ಕಣ್ಣಿಗಿ ಕಣ್ಣ ಹಚ್ಚಿಲ್ರಿ. ಡಬಲ್ ಡ್ಯೂಟಿ ಮಾಡ್ಲತ್ತಿದ್ರು. ಜಾಗರಣಿ ಪುಡಿ ಅಂತ ಒಂದು ತಿಂತಾರ್ರಿ, ಅಲ್ಲಿ ಭಾಳ ಮಂದಿ ತಿಂತಾರ. ನಿದ್ದಿ ಬರಂಗಿಲ್ಲ ಅಂತ. ಇವತ್ತು ಮುಂಜಾನಿ ಭಾಳ ತಿಂದಾರ. ಇದು ಡಾಕ್ಟರಗ ಹೇಳ್ಬೇಕೇನ್ರಿ?"

ಕಾಶವ್ವ ಬಾಗಿಲ ಕಡೆ ನೋಡಿದಳು. ಹವಾಲ್ದಾರ ಮೇಜಿನ ಮೇಲೆ ಟೋಪಿ ಇಟ್ಟು ಚಹಾ ಕುಡಿಯುತ್ತಿದ್ದ.

"ಪುಡಿ ಗಿಡಿ ಅಂತ ಇಲ್ಲಿ ಬಾಯಿ ಬಿಡಬ್ಯಾಡ," ಎಂದಳು. "ಅಲ್ಲಿ ನೋಡು, ಪೊಲೀಸಪ್ಪ ಕುಂತಾನ. ನಿನ್ನ ಗಂಡಗ ಮಂಚಕ್ಕ ಬೇಡಿ ಹಾಕಸ್ತಾನ. ಹೇಳೂದು ನಾ ಹೇಳ್ತೀನಿ. ನೀ ಸುಮ್ಮನಿರು."

ಅಂದು ಡ್ಯೂಟಿಯಲ್ಲಿದ್ದವನು ಸ್ವಪ್ನಿಲ್ ಡಾಕ್ಟರ್, ಮೀಸೆ ಸರಿಯಾಗಿ ಮೂಡದ ಹುಡುಗ, ಆದರೆ ಕೈ ಚುರುಕು. ಕಾಶವ್ವ ಅವನಿಗೆ ಹೇಳಿದ್ದು ಇಷ್ಟು: ಜ್ವರ ಬಂದಿದೆ, ಮೂರು ದಿನ ನಿದ್ದೆಯಿಲ್ಲ, ಕೆಲಸ ಜಾಸ್ತಿ, ಊಟ ಬಿಟ್ಟಿದ್ದಾನೆ. ಪುಡಿಯ ಮಾತು ಅವಳ ಗಂಟಲಲ್ಲೇ ಉಳಿಯಿತು. ಉಳಿದದ್ದಕ್ಕೆ ಅವಳಿಗೆ ಏನೂ ಅನಿಸಲಿಲ್ಲ. ಎಷ್ಟು ಸಲ ಹೀಗೆ ನುಂಗಿದ್ದಾಳೋ.

ಕಂಬಳಿ ಬಿಚ್ಚಿದಾಗ ಬಿಸಿ ಅವಳ ಮುಖಕ್ಕೆ ಬಡಿಯಿತು. ನೂರಾ ನಾಲ್ಕು ಡಿಗ್ರಿ. ನಾಡಿ ಎಣಿಸಲು ನರ್ಸಿಗೆ ಆಗಲಿಲ್ಲ, ಅಷ್ಟು ಓಟ. ದೇವಾನಂದ ಛಾವಣಿಯ ಫ್ಯಾನಿನತ್ತ ಬೊಟ್ಟು ಮಾಡಿ, "ಬಂದ್ರು, ನೋಡಲ್ಲಿ, ಬಂದ್ರು" ಎಂದು ಎದ್ದು ಕೂರುತ್ತಿದ್ದ. ಇಬ್ಬರು ವಾರ್ಡಿನ ಆಳುಗಳು ಅವನನ್ನು ಒತ್ತಿ ಹಿಡಿದು ಕೈಕಾಲುಗಳನ್ನು ಮಂಚದ ಸರಳಿಗೆ ಕಟ್ಟಿದರು. ಅವನು ಕಟ್ಟಿದ್ದನ್ನು ಜಗ್ಗುತ್ತಲೇ ಇದ್ದ. ಮಿದುಳು ಜ್ವರವಿರಬೇಕು, ಇಲ್ಲವೇ ಮಿದುಳಿಗೇರಿದ ಮಲೇರಿಯ ಎಂದು ಡಾಕ್ಟರು ರಕ್ತ ತೆಗೆಸಿ ಕಳಿಸಿದ. ಜ್ವರದ ಇಂಜೆಕ್ಷನ್ ಕೊಟ್ಟು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಸಿದ.

ಒಂದು ಗಂಟೆ ಹೀಗೇ ಹೋಯಿತು. ರಕ್ತದ ವರದಿ ಬಂತು, ಅದರಲ್ಲಿ ಮಲೇರಿಯ ಇರಲಿಲ್ಲ. ಜ್ವರ ಇಳಿಯುವ ಬದಲು ನೂರಾ ಏಳಕ್ಕೆ ಏರಿತು. ಕಾಶವ್ವ ಮೂತ್ರದ ಚೀಲ ಬದಲಿಸಲು ಹೋದಾಗ ಒಳಗಿದ್ದದ್ದು ಕರಿ ಚಹಾದ ಬಣ್ಣಕ್ಕಿತ್ತು. ಸ್ವಪ್ನಿಲ್ ಡಾಕ್ಟರು ರೋಗಿಯ ರೆಪ್ಪೆ ಬಿಡಿಸಿ ಬ್ಯಾಟರಿ ಹಿಡಿದ. ಕಣ್ಣಿನ ಕರಿಬೊಟ್ಟು ಇಡೀ ಕಣ್ಣನ್ನೇ ನುಂಗಿದಂತೆ ದೊಡ್ಡದಾಗಿತ್ತು. ಅವನು ಬ್ಯಾಟರಿ ಆರಿಸಿ ಕಾಶವ್ವನ ಕಡೆ ತಿರುಗಿದ.

"ಮಾವಶಿ," ಎಂದ ಮರಾಠಿಯಲ್ಲಿ, "ನಾನು ಕೇಳಿದ್ದನ್ನೆಲ್ಲ ಅವಳಿಗೆ ಕೇಳಿ. ಒಂದೂ ಬಿಡಬೇಡಿ. ಇವನು ನಿದ್ದೆ ಬಿಟ್ಟದ್ದು ಈ ಮೂರು ದಿನವೇ, ಅಥವಾ ಮೊದಲೂ ಹೀಗೆ ಮಾಡುತ್ತಿದ್ದನೇ?"

ಕಾಶವ್ವ ಕೇಳಿದಳು. ಮೊದಲೂ ಮಾಡುತ್ತಿದ್ದ, ಎರಡು ಮೂರು ದಿನ ಎಚ್ಚರ, ಆಮೇಲೆ ಒಂದು ಇಡೀ ದಿನ ಸತ್ತವನಂತೆ ನಿದ್ದೆ ಎಂದಳು ಮಾಯಾ.

"ಹಲ್ಲು ಕಡಿಯುತ್ತಾನೆಯೇ? ಎಚ್ಚರವಿದ್ದಾಗ?"

"ಎಚ್ಚರ ಇದ್ದಾಗ ಹಲ್ಲ ಕಡೀತಾನೇನವ್ವಾ?" ಎಂದು ಕೇಳುತ್ತಿದ್ದಂತೆ ಕಾಶವ್ವನ ಕಿವಿಯಲ್ಲಿ ಒಂದು ಸದ್ದು ಎದ್ದಿತು. ಕರಕರ, ಕರಕರ. ಅದು ದೇವಾನಂದನದಲ್ಲ. ಅವಳ ಮಗ ಮಾಂತು ಮುಂಜಾನೆ ಚಹಾ ಮುಂದಿಟ್ಟುಕೊಂಡು ಕುಳಿತಾಗ ಬರುವ ಸದ್ದು. ಮಾಂತು ಹಿಂಜವಾಡಿಯ ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಿದ್ದ, ಒಂದು ಪಾಳಿ ಮುಗಿಸಿ ಇನ್ನೊಬ್ಬನ ಪಾಳಿಯನ್ನೂ ಹಿಡಿಯುತ್ತಿದ್ದ. ಹೊಟ್ಟೆಯಲ್ಲಿ ಹುಳವಾಗಿರಬೇಕು ಎಂದು ಅವಳು ಮೊನ್ನೆ ತಾನೇ ಅವನಿಗೆ ಬೇವಿನ ರಸ ಕುಡಿಸಿದ್ದಳು.

"ಹೌದ್ರಿ, ಕಡೀತಾರ್ರಿ," ಎಂದಳು ಮಾಯಾ.

"ಊಟ?"

ಊಟ ಅರ್ಧ ರೊಟ್ಟಿಗೆ ಬಂದಿತ್ತು, ಎರಡು ತಿಂಗಳಲ್ಲಿ ಪ್ಯಾಂಟು ಸಡಿಲವಾಗಿತ್ತು. ಮಾಂತುವಿನ ಬೆಲ್ಟಿಗೆ ಕಳೆದ ವಾರ ಅವಳೇ ದಬ್ಬಣ ಕಾಯಿಸಿ ಹೊಸ ತೂತು ಹಾಕಿಕೊಟ್ಟಿದ್ದಳು.

"ಯಾರೋ ಹಿಂದೆ ಬರುತ್ತಿದ್ದಾರೆ, ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ಸಂಶಯ? ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು?"

ರೇಡಿಯೋ ಬಿಚ್ಚಿ ಜೋಡಿಸಿ ಮತ್ತೆ ಬಿಚ್ಚುತ್ತಾರೆ ಎಂದಳು ಮಾಯಾ. ಮಾಂತು ಕಾರಿನ ಸೀಟುಗಳನ್ನೆಲ್ಲ ಕಿತ್ತು ಅಂಗಳದಲ್ಲಿಟ್ಟು ತೊಳೆದಿದ್ದ, ಮರುದಿನವೂ ತೊಳೆದಿದ್ದ. ಎಂಥ ಚೊಕ್ಕಟದ ಮಗ ಎಂದು ಅವಳು ನೆರೆಮನೆಯವರ ಮುಂದೆ ಹೇಳಿಕೊಂಡು ಬಂದಿದ್ದಳು. ಪ್ರಶ್ನೆ ಕೇಳುವವಳು ತಾನೇ, ಉತ್ತರವೂ ತನ್ನದೇ. ಮಾಯಾಳ ಬಾಯಿಂದ ಬರುವ ಮೊದಲೇ ಅವಳಿಗೆ ಉತ್ತರ ಗೊತ್ತಿರುತ್ತಿತ್ತು.

"ಬಟ್ಟೆ ಕತ್ತರಿಸಿ ತೆಗೆಯಿರಿ," ಎಂದ ಡಾಕ್ಟರು ಆಳುಗಳಿಗೆ. "ಐಸು ತರಿಸಿ. ಕ್ಯಾಂಟೀನಿನಲ್ಲಿರುವಷ್ಟೂ ತನ್ನಿ."

ಬಟ್ಟೆ ತೆಗೆಯುವುದು ಕಾಶವ್ವನ ಕೆಲಸ. ಕತ್ತರಿ ಪ್ಯಾಂಟಿನ ಜೇಬಿನ ಮೇಲೆ ಹೋದಾಗ ಒಳಗಿಂದ ಒಂದು ಪೊಟ್ಟಣ ನೆಲಕ್ಕೆ ಬಿತ್ತು. ಗುಲಾಬಿ ಬಣ್ಣದ ತೆಳು ಕಾಗದ, ನೀಲಿ ಗೆರೆ, ಅರ್ಧ ಅಚ್ಚಾದ ಅಂಕಿಗಳು. ಒಂದು ಮೂಲೆ ಒಳಗೆ ಸಿಕ್ಕಿಸಿದ ಮಡಿಕೆ.

ಆ ಮಡಿಕೆಯನ್ನು ಅವಳು ಬಲ್ಲಳು. ಸೋಮವಾರ ಮಾಂತುವಿನ ಅಂಗಿ ಒಗೆಯುವಾಗ ಜೇಬಿನಲ್ಲಿ ಇಂಥದೇ ಪೊಟ್ಟಣ ಸಿಕ್ಕಿತ್ತು. ಅವನು ಸೊಲ್ಲಾಪುರದ ಕಡೆ ಬಾಡಿಗೆಗೆ ಹೊರಟಾಗ, "ಬರೂ ಮುಂದ ಮಠಕ್ಕ ಹೋಗಿ ಅಪ್ಪಗ ಗದ್ದಗಿ ಅಂಗಾರ ತೊಗೊಂಡು ಬಾ" ಎಂದು ಅವಳೇ ಹೇಳಿ ಕಳಿಸಿದ್ದಳು. ಮಠದವರು ಗದ್ದುಗೆಯ ಬೂದಿಯನ್ನು ಹಳೆಯ ಪಾವತಿ ಪುಸ್ತಕದ ಹಾಳೆಯಲ್ಲೇ ಕಟ್ಟಿಕೊಡುವುದು. ಗುಲಾಬಿ ಹಾಳೆ, ನೀಲಿ ಗೆರೆ. ಅಂಥ ಹಾಳೆ ರದ್ದಿ ಅಂಗಡಿಯಲ್ಲೂ ಸಿಗುತ್ತದೆಂದು ಆಗ ಅವಳಿಗೆ ಹೊಳೆದಿರಲಿಲ್ಲ. ಬಂದಮೇಲೆ "ಮಠಕ್ಕ ಹೋಗಿದ್ದೇನಪ್ಪಾ?" ಎಂದರೆ "ಹೂಂ" ಎಂದಿದ್ದ. ಕೊಡಲು ಮರೆತಿದ್ದಾನೆ ಎಂದುಕೊಂಡು ಅವಳು ಪೊಟ್ಟಣವನ್ನು ಕಣ್ಣಿಗೆ ಒತ್ತಿಕೊಂಡು ದೇವರ ಜಗಲಿಯ ಮೇಲೆ, ವಿಭೂತಿ ಕರಡಿಗೆಯ ಪಕ್ಕ ಇಟ್ಟಿದ್ದಳು. ಈ ಸಲದ ಅಂಗಾರ ಎಷ್ಟು ಬೆಳ್ಳಗಿದೆ ಎಂದು ಖುಷಿಯೂ ಪಟ್ಟಿದ್ದಳು.

ಇಂದು ಮುಂಜಾನೆ ಗಂಡ ಶಿವರುದ್ರಪ್ಪ ಎದೆ ನೀವಿಕೊಂಡಾಗ ಅವಳು ಹೇಳಿ ಬಂದ ಮಾತು ನೆನಪಾಯಿತು. "ಜಗಲಿ ಮ್ಯಾಲ ಮಠದ ಅಂಗಾರ ಇಟ್ಟೀನ್ರಿ. ಪೂಜಿ ಆದಮ್ಯಾಲ ಒಂದು ಚಿಟಿಕಿ ಬಾಯಾಗ ಹಾಕ್ಕೋರಿ." ಶಿವರುದ್ರಪ್ಪ ಮಾರ್ಕೆಟ್ ಯಾರ್ಡಿನ ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ಗುಮಾಸ್ತನಾಗಿದ್ದ ಮನುಷ್ಯ. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಉಳಿದದ್ದೇ ಹೆಚ್ಚು. ಅವನು ದಿನಕ್ಕೆ ಎರಡು ಹೊತ್ತು ಲಿಂಗಪೂಜೆ ಮಾಡುತ್ತಿದ್ದ. ಸಂಜೆಯ ಪೂಜೆ ದೀಪ ಹಚ್ಚುವ ಹೊತ್ತಿಗೆ.

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ಆಗಿತ್ತು.

"ಡಾಕ್ಟರ್," ಎಂದಳು ಕಾಶವ್ವ. "ಇವನು ಪುಡಿ ತಿಂದಿದ್ದಾನೆ. ನಿದ್ದೆ ಬರದ ಹಾಗೆ ಮಾಡುವ ಪುಡಿ. ಬೆಳಿಗ್ಗೆ ಜಾಸ್ತಿ ತಿಂದನಂತೆ."

ಸ್ವಪ್ನಿಲ್ ಡಾಕ್ಟರು ತಿರುಗಿ ನೋಡಿದ. "ಅವಳು ಈಗ ಹೇಳಿದಳೇ?"

ಕಾಶವ್ವ ತಲೆ ತಗ್ಗಿಸಿದಳು. ಡಾಕ್ಟರಿಗೆ ಬೈಯಲೂ ಪುರುಸೊತ್ತಿರಲಿಲ್ಲ. "ಕಟ್ಟು ಬಿಚ್ಚಿ! ಜಗ್ಗಿ ಜಗ್ಗಿಯೇ ಇವನ ಮೈ ಕಾದಿದೆ, ಸ್ನಾಯುಗಳೆಲ್ಲ ಒಡೆದು ಮೂತ್ರದಲ್ಲಿ ಹೋಗುತ್ತಿವೆ. ನಿದ್ದೆಯ ಇಂಜೆಕ್ಷನ್ ತನ್ನಿ. ಐಸು ಎಲ್ಲಿ?" ಎಂದು ಕೂಗುತ್ತಾ ತಾನೇ ಕಟ್ಟು ಬಿಚ್ಚತೊಡಗಿದ. ಮಾಯಾ ಗೋಡೆಗೆ ಒರಗಿ ನಿಂತು ಎಲ್ಲರ ಬಾಯಿಗಳನ್ನೇ ನೋಡುತ್ತಿದ್ದಳು. ಅವಳಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ, ಈಗ ತಿಳಿಸಿ ಹೇಳಲು ಕಾಶವ್ವನೂ ಅಲ್ಲಿರಲಿಲ್ಲ.

ಕ್ಯಾಂಟೀನಿನ ಪಕ್ಕ ಒಂದು ರೂಪಾಯಿ ಹಾಕುವ ಫೋನು ಪೆಟ್ಟಿಗೆ ಇತ್ತು. ಮನೆಯಲ್ಲಿ ಫೋನಿರಲಿಲ್ಲ. ಮೇಲಿನ ಮನೆಯವರ ನಂಬರು ಸುಮ್ಮನೆ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಮಾಂತುವಿನ ಮೊಬೈಲಿಗೆ ಹಚ್ಚಿದಳು.

"ಅವ್ವಾ, ಡ್ಯೂಟಿ ಮ್ಯಾಲ ಅದೀನಿ, ಆಮ್ಯಾಲ ಮಾಡು."

"ನಿನ್ನ ಅಂಗಿ ಕಿಸೆದಾಗ ಇದ್ದ ಪೊಟ್ಣ, ಮಠದ್ದು ಹೌದಲ್ಲೋ?"

ಆ ಕಡೆ ರಸ್ತೆಯ ಗದ್ದಲ. ಹಾರ್ನು, ಬಸ್ಸು, ಮತ್ತೆ ಹಾರ್ನು. ಅದರ ನಡುವೆ ಮಾಂತು ಕೇಳಿದ. "ಅದು ನಿನ್ನ ಕಡೆ ಅದ ಏನು? ನಾ ನಾಕು ದಿನದಿಂದ ಗಾಡಿ ಎಲ್ಲಾ ಹುಡುಕಿದೆ."

"ಮಠದ್ದು ಹೌದೋ ಅಲ್ಲೋ, ಅದನ್ನ ಹೇಳು."

"ಅವ್ವಾ, ಎಲ್ಲಿಟ್ಟೀ ಅದನ್ನ?"

"ಜಗಲಿ ಮ್ಯಾಲ," ಎಂದಳು ಕಾಶವ್ವ. "ನಿಮ್ಮಪ್ಪಗ ಬಾಯಾಗ ಹಾಕ್ಕೋ ಅಂತ ಹೇಳಿ ಬಂದೀನಿ."

ಮಾಂತು ಏನೋ ಅಂದ, ಅದು ಮಾತಾಗಿರಲಿಲ್ಲ. ಅಷ್ಟರಲ್ಲಿ ರೂಪಾಯಿ ತೀರಿ ಫೋನು ಕಡಿದುಹೋಯಿತು.

ಆಸ್ಪತ್ರೆಯಿಂದ ಮನೆಗೆ ರಿಕ್ಷಾದಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಕಾಶವ್ವ ತನಗೆ ಗೊತ್ತಿದ್ದ ಎಲ್ಲ ದೇವರನ್ನೂ ಕರೆದಳು, ಕರೆದ ಬೆನ್ನಿಗೇ ಅವಳಿಗೆ ನಾಚಿಕೆಯಾಯಿತು. ದೇವರ ಮುಂದೆಯೇ ಅಲ್ಲವೇ ಅವಳು ವಿಷ ಇಟ್ಟು ಬಂದದ್ದು. ಇನ್ನೂ ಐದೂ ಆಗಿಲ್ಲ, ಪೂಜೆಗೆ ಕೂತಿರುವುದಿಲ್ಲ ಎಂದು ಒಂದು ಮನಸ್ಸು ಹೇಳುತ್ತಿತ್ತು. ಎದೆ ನೋವಾದರೆ ಪೂಜೆಯ ತನಕ ಯಾರು ಕಾಯುತ್ತಾರೆ ಎಂದು ಇನ್ನೊಂದು ಮನಸ್ಸು ಹೇಳುತ್ತಿತ್ತು. ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗ ಇಳಿದು ಓಡಿಬಿಡೋಣ ಎನಿಸಿತು.

ಮನೆಯ ಬಾಗಿಲು ತೆರೆದೇ ಇತ್ತು. ಒಳಗಿಂದ ಪಾತ್ರೆಗಳ ಸದ್ದು. ಅಡುಗೆಮನೆಯ ಸಾಮಾನೆಲ್ಲ ನಡುಮನೆಗೆ ಬಂದಿತ್ತು. ಕೊಡ, ಹಂಡೆ, ಮದುವೆಯಲ್ಲಿ ಬಂದ ಹಿತ್ತಾಳೆಯ ಬೋಗುಣಿ, ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡು ಶಿವರುದ್ರಪ್ಪ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. ಎರಡು ವರ್ಷದಿಂದ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳದ ಮನುಷ್ಯ, ಒಂದು ಲೋಟ ನೀರಿಗೂ ಕೂಗುವ ಮನುಷ್ಯ.

"ಬಾ ಬಾ, ಕಾಶೀ!" ಎಂದ. "ಏನು ಅಂಗಾರ ತರಿಸೀಯವ್ವಾ! ಮಧ್ಯಾಹ್ನ ಎದಿಯಾಗ ಚುರುಕ್ ಅಂತು, ಸಂಜಿತನಾ ಯಾಕ ಕಾಯಬೇಕಂತ ಒಂದು ಚಿಟಿಕಿ ಹಾಕ್ಕೊಂಡೆ. ಆಮ್ಯಾಲ ಇನ್ನೊಂದು. ಮೈಯಾಗ ಇಪ್ಪತ್ತು ವರ್ಷದ ಹುಡುಗ ಹೊಕ್ಕಂಗ ಆತು ನೋಡು. ನಾಳಿಂದ ನಾ ಮತ್ತ ಅಂಗಡಿಗಿ ಹೋಗ್ತೀನಿ. ಮಾಲಕರಿಗೆ ಹೇಳಿಬಿಡ್ತೀನಿ..."

ಮಾತು ನಿಲ್ಲಲೇ ಇಲ್ಲ. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಕಾಶವ್ವನಿಗೆ ಸಂತೋಷವಾಯಿತು ಎಂದರೆ ನಂಬಬೇಕು. ಗಂಡ ಅವಳನ್ನು ಕಾಶೀ ಎಂದು ಕರೆದು ಎಷ್ಟು ಕಾಲವಾಗಿತ್ತು. ಆಮೇಲೆ ಅವನ ಕಣ್ಣು ಕಂಡಿತು. ಕರಿಬೊಟ್ಟು ಇಡೀ ಕಣ್ಣು ತುಂಬಿತ್ತು. ದವಡೆ ಆಡುತ್ತಿತ್ತು. ಕುತ್ತಿಗೆಯ ನರ ಕುಣಿಯುವುದು ಬಾಗಿಲಿನಿಂದಲೇ ಕಾಣುತ್ತಿತ್ತು, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಹುಣಸೆಹಣ್ಣಿನ ಕೈಯಿಂದಲೇ ಅವನು ಎಡಗಡೆ ಎದೆ ನೀವಿಕೊಳ್ಳುತ್ತಿದ್ದ, ನೀವಿಕೊಳ್ಳುತ್ತಿರುವುದು ಅವನಿಗೇ ಗೊತ್ತಿದ್ದಂತಿರಲಿಲ್ಲ.

"ಏಳ್ರಿ, ದವಾಖಾನಿಗೆ ಹೋಗೂಣು."

"ನನಗೇನಾಗೇದ? ಇನ್ನೂ ಹಂಡೆ ತಿಕ್ಕೂದು ಅದ."

"ನನ್ನ ಆಣೆ ಅದ ಏಳ್ರಿ," ಎಂದು ಅವಳು ಅವನ ರಟ್ಟೆ ಹಿಡಿದಳು. ಕಂಬಳಿ ಹೊದಿಸಲಿಲ್ಲ. ಬಾಯಾರಿತು ಎಂದದ್ದಕ್ಕೆ ಕೊಡದ ತಣ್ಣೀರು ಕುಡಿಸಿದಳು, ಒಂದು ಚೊಂಬು ನೀರನ್ನು ಅವನ ತಲೆಯ ಮೇಲೂ ಸುರಿದಳು. ಜಗಲಿಯ ಮೇಲಿದ್ದ ಗುಲಾಬಿ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ರಿಕ್ಷಾದಲ್ಲಿ ಅವನು ಊರಿನ ಬಾವಿ, ಶಾಲೆಯ ಮಾಸ್ತರು, ಬೆಲ್ಲದ ದರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಅರ್ಧ ದಾರಿಗೆ ಬಂದಾಗ ಮಾತು ನಡುವೆಯೇ ನಿಂತಿತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ಕಾಶೀ, ಎದಿ ಮ್ಯಾಲ ಯಾರೋ ಕುಂತಂಗ ಆಗ್ತದ," ಎಂದು ಅವಳ ಹೆಗಲಿಗೆ ವಾಲಿದ.

ಕ್ಯಾಜುವಲ್ಟಿಯಲ್ಲಿ ಎರಡನೇ ಮಂಚ ಖಾಲಿಯಿತ್ತು. ದೇವಾನಂದನ ಮಂಚದ ಸುತ್ತ ಹಸಿರು ಪರದೆ ಎಳೆದಿದ್ದರು, ಪರದೆಯ ಕೆಳಗೆ ನೆಲದ ತುಂಬ ಐಸಿನ ನೀರು ನಿಂತಿತ್ತು. ಸ್ವಪ್ನಿಲ್ ಡಾಕ್ಟರು ಪರದೆಯೊಳಗಿಂದ ಬಂದವನು ಮಾವಶಿಯ ಗಂಡನನ್ನು ನೋಡಿ ಓಡಿ ಬಂದ. ಎದೆಗೆ ತಂತಿಗಳನ್ನು ಅಂಟಿಸಿದರು. ಬಿ.ಪಿ. ಇನ್ನೂರಾ ಹತ್ತು, ನಾಡಿ ನೂರಾ ಐವತ್ತು.

"ಹಳೆಯ ಹೃದಯದ ರೋಗಿ ಅಲ್ಲವೇ?" ಎಂದ ಡಾಕ್ಟರು ನರ್ಸಿನ ಕಡೆ ಕೈ ಚಾಚುತ್ತಾ. "ನಾಡಿ ಇಳಿಸುವ ಇಂಜೆಕ್ಷನ್ ತುಂಬಿ. ಮಾವಶಿ, ಏನಾಯಿತು? ಏನಾದರೂ ತೆಗೆದುಕೊಂಡರೇ?"

ಹವಾಲ್ದಾರ ಮೂರು ಮಾರು ದೂರದಲ್ಲಿ ನಿಂತಿದ್ದ. ದೇವಾನಂದನ ಪೊಟ್ಟಣದ ಪಂಚನಾಮೆಗೆಂದು ಬಂದವನು ಪುಸ್ತಕ ಬಿಡಿಸಿಕೊಂಡಿದ್ದ. ಅದೇ ಹೊತ್ತಿಗೆ ಬಾಗಿಲಲ್ಲಿ ಮಾಂತು ಕಾಣಿಸಿಕೊಂಡ. ಡ್ಯೂಟಿ ಬಿಟ್ಟು ಮನೆಗೆ ಹೋಗಿ, ಅಲ್ಲಿ ಯಾರೂ ಇಲ್ಲದ್ದು ಕಂಡು ಅಷ್ಟು ಟ್ರಾಫಿಕ್ಕಿನಲ್ಲಿ ಇಲ್ಲಿಗೆ ಹೇಗೆ ಹಾರಿ ಬಂದನೋ, ಕಾರಿನ ಕೀಲಿಕೈ ಇನ್ನೂ ಕೈಯಲ್ಲಿತ್ತು. ಅಪ್ಪನನ್ನು ನೋಡಿದ, ಹವಾಲ್ದಾರನನ್ನು ನೋಡಿದ, ಆಮೇಲೆ ಅವ್ವನನ್ನು ನೋಡಿದ. ಆ ನೋಟದಲ್ಲಿ ಏನಿದೆ ಎಂದು ಕಾಶವ್ವನಿಗೆ ತಿಳಿಯಿತು. ಏಳು ವರ್ಷದಿಂದ ಎಷ್ಟೋ ಹೆಂಡಂದಿರು, ತಾಯಂದಿರು ಅವಳನ್ನು ಹೀಗೇ ನೋಡಿದ್ದರು.

ಹುಳಿ ತೇಗು ಬಂದು ಎದೆ ಹಿಡಿಯಿತು ಎಂದುಬಿಡಬಹುದಿತ್ತು. ಪಾತ್ರೆ ತಿಕ್ಕಿ ಆಯಾಸವಾಯಿತು ಎಂದರೂ ಸಾಕಿತ್ತು, ಅದು ಸುಳ್ಳೂ ಅಲ್ಲ. ನಾಲಿಗೆ ಆಗಲೇ ಅದಕ್ಕೆ ಸಜ್ಜಾಗಿತ್ತು. ನರ್ಸು ಸೂಜಿಯ ಗಾಳಿ ಹೊರಹಾಕುತ್ತಿದ್ದಳು.

"ನಿಲ್ಲಿಸಿ," ಎಂದಳು ಕಾಶವ್ವ ಮರಾಠಿಯಲ್ಲಿ, ಇಡೀ ವಾರ್ಡಿಗೆ ಕೇಳುವ ಹಾಗೆ. ಸೆರಗಿನ ಗಂಟು ಬಿಚ್ಚಿ ಗುಲಾಬಿ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. "ಇದನ್ನು ತಿಂದಿದ್ದಾರೆ. ಎರಡು ಚಿಟಿಕೆ, ಮಧ್ಯಾಹ್ನ. ಅವರಿಗೆ ಗೊತ್ತಿಲ್ಲ, ಮಠದ ಅಂಗಾರ ಎಂದು ನಾನೇ ಕೊಟ್ಟೆ. ಆ ಮಂಚದವನು ತಿಂದದ್ದೂ ಇದನ್ನೇ. ಇದು ನನಗೆ ಸಿಕ್ಕಿದ್ದು ನನ್ನ ಮಗನ ಜೇಬಿನಲ್ಲಿ. ಅಗೋ, ಬಾಗಿಲಲ್ಲಿ ನಿಂತಿದ್ದಾನೆ. ಅವನೂ ತಿನ್ನುತ್ತಾನೆ. ಅವನ ಕಣ್ಣೂ ನೋಡಿ ಡಾಕ್ಟರ್."

ಡಾಕ್ಟರು ನರ್ಸಿನ ಕೈಯಿಂದ ಸೂಜಿ ಕಸಿದು ತಟ್ಟೆಗೆ ಹಾಕಿದ. "ಆ ಪುಡಿಯ ಮೇಲೆ ಇದನ್ನು ಕೊಟ್ಟಿದ್ದರೆ ಹೃದಯದ ರಕ್ತನಾಳ ಇನ್ನೂ ಬಿಗಿಯುತ್ತಿತ್ತು," ಎಂದ, ಯಾರಿಗೆ ಎಂದಿಲ್ಲದೆ. "ನಿದ್ದೆಯ ಇಂಜೆಕ್ಷನ್ ಕೊಡಿ. ನಾಲಿಗೆಯ ಕೆಳಗಿನ ಮಾತ್ರೆ. ಆಸ್ಪಿರಿನ್. ಬೇಗ."

ಹವಾಲ್ದಾರ ಪುಸ್ತಕದ ಹಾಳೆ ತಿರುವಿ ಮಾಂತುವಿನ ಹತ್ತಿರ ಹೋದ. ಮಾಂತು ಓಡಲಿಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಮೆಲ್ಲಗೆ ಕುಸಿದು ನೆಲದ ಮೇಲೆ ಕುಳಿತ. ಮಗನ ಹತ್ತಿರ ಹೋಗಲೆಂದು ಕಾಶವ್ವ ತಿರುಗಿದಳು. ಆದರೆ ಗಂಡ ಅವಳ ಕೈ ಬಿಟ್ಟಿರಲಿಲ್ಲ.

ನಾಡಿ ನೂರಾ ನಲವತ್ತಾಯಿತು, ನೂರಾ ಇಪ್ಪತ್ತಾಯಿತು. ದೀಪ ಹಚ್ಚುವ ಹೊತ್ತಿಗೆ ಶಿವರುದ್ರಪ್ಪನ ಮುಖಕ್ಕೆ ಬಣ್ಣ ಬಂತು, ದವಡೆ ನಿಂತಿತು, ಅವನು ಬಾಯಿ ತೆರೆದುಕೊಂಡು ನಿದ್ದೆ ಹೋದ. "ಇಂದು ರಾತ್ರಿ ಪೂರ್ತಿ ನೋಡಬೇಕು," ಎಂದ ಸ್ವಪ್ನಿಲ್ ಡಾಕ್ಟರು. "ಆದರೆ ಹೊತ್ತಿಗೆ ಸರಿಯಾಗಿ ಹೇಳಿದಿರಿ ಮಾವಶಿ." ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ, ಹಸಿರು ಪರದೆಯ ಕಡೆ ನೋಡಿದ.

ಪರದೆ ಸರಿದಿತ್ತು. ಮಂಚದ ಮೇಲಿನ ಚಾದರವನ್ನು ಮುಖದ ತನಕ ಎಳೆದಿದ್ದರು. ನೆಲದ ನೀರನ್ನು ಒರೆಸಲು ಯಾರೋ ಹೊಸ ಮಾವಶಿ ಬಕೀಟು ತಂದಿದ್ದಳು.

ಮಾಯಾ ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಕುಳಿತಿದ್ದಳು. ಎರಡು ಕರಿ ಕಂಬಳಿಗಳನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅಳು ಮುಗಿದಿತ್ತೋ, ಇನ್ನೂ ಶುರುವಾಗಿರಲಿಲ್ಲವೋ. ಕಾಶವ್ವ ಬಂದು ಪಕ್ಕದಲ್ಲಿ ಕುಳಿತಾಗ ಅವಳು ಮಧ್ಯಾಹ್ನ ಹಿಡಿದಂತೆಯೇ ಅವಳ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು.

"ಯಕ್ಕಾ," ಎಂದಳು. "ಕಡೀಗಿ ಅವರು ಓಡಾಡಿ ಭಾಳ ಮಾಡಿದ್ರು. ಐಸು ತಂದ್ರು, ಸೂಜಿ ಕೊಟ್ರು. ಹೊತ್ತಾಗ್ಯಾದ, ಹೊತ್ತಾಗ್ಯಾದ ಅಂತ ಆ ಡಾಕ್ಟರು ಅಂತಿದ್ರು ಅಂತ ಆಮ್ಯಾಲ ಒಬ್ಬರು ಹಿಂದಿ ಒಳಗ ಹೇಳಿದ್ರು. ನಾ ಬಂದ ಕೂಡ್ಲೇ ನಿಮಗ ಹೇಳಿದ್ನಲ್ರಿ, ಪುಡಿ ತಿಂದಾರಂತ. ನೀವು ಅವಾಗೇ ಡಾಕ್ಟರಗ ಹೇಳಿದ್ರಿಲ್ರಿ?"

ಕೇಳುವವಳ ಕಣ್ಣಲ್ಲಿ ಸಂಶಯವಿರಲಿಲ್ಲ. ಹೌದು ಎಂದರೆ ನಂಬುತ್ತಿದ್ದಳು. ನಂಬಿ, ದೇವರು ಬರೆದದ್ದು ಇಷ್ಟೇ ಎಂದು ಎದ್ದು ಹೋಗುತ್ತಿದ್ದಳು. ಅವಳಿಗೂ ಅದೇ ಹಗುರ, ಕಾಶವ್ವನಿಗೂ ಅದೇ ಹಗುರ.

"ಇಲ್ಲವ್ವಾ," ಎಂದಳು ಕಾಶವ್ವ. "ಅವಾಗ ಹೇಳಲಿಲ್ಲ. ಒಂದೂವರಿ ತಾಸು ಮುಚ್ಚಿಟ್ಟೆ."

ಮಾಯಾ ಹಿಡಿದಿದ್ದ ಕೈ ಬಿಟ್ಟಳು.